ಆಸ್ಪತ್ರೆ ಹಡಗುಗಳೆಲ್ಲಾ ಒಳಗೊಳಗೇ ಮದ್ದುಗುಂಡು ಸಾಗಿಸ್ತಿದ್ವಾ? ನನ್ನ ತಮ್ಮನ ವಾದಕ್ಕೆ ಉತ್ತರ ಬೇಕು

ಕಡಲಹಕ್ಕಿ
ಎಲ್ಲರಿಗೂ ನಮಸ್ಕಾರ. ನಿನ್ನೆ ರಾತ್ರಿ ಶುರುವಾದ ಜಗಳ ಇನ್ನೂ ಮುಗಿದಿಲ್ಲ, ಅದಕ್ಕೇ ಇಲ್ಲಿಗೆ ತಂದಿದ್ದೇನೆ. ಬ್ರಿಟಾನಿಕ್ ಅನ್ನೋ, ಮೊದಲ ಮಹಾಯುದ್ಧದ ಬ್ರಿಟಿಷ್ ಆಸ್ಪತ್ರೆ ಹಡಗಿನ ಹಳೇ ಫೋಟೊ ಒಂದು ಕಣ್ಣಿಗೆ ಬಿತ್ತು. ಮೈಯೆಲ್ಲಾ ಬಿಳಿ, ಉದ್ದಕ್ಕೂ ಒಂದು ಪಟ್ಟೆ, ನಡುನಡುವೆ ಆಳೆತ್ತರಕ್ಕಿಂತ ದೊಡ್ಡ ಕೆಂಪು ಶಿಲುಬೆ. ಇಷ್ಟೆಲ್ಲಾ ಗುರುತು ಹಾಕಿಕೊಂಡಿದ್ದರೂ ಮುಳುಗಿಸಿಬಿಟ್ಟರಲ್ಲ ಪಾಪಿಗಳು ಅಂದೆ. ಅಷ್ಟಕ್ಕೇ ನನ್ನ ತಮ್ಮ, "ಅಕ್ಕಾ, ಆ ಹಡಗುಗಳೆಲ್ಲಾ ರೋಗಿಗಳ ಹೆಸರಲ್ಲಿ ಮದ್ದುಗುಂಡು ಸಾಗಿಸ್ತಿದ್ವು, ಹೊಡೆದಿದ್ದೇ ಸರಿ" ಅಂದ. ಎಲ್ಲಿ ಓದಿದೆ ಅಂದ್ರೆ "ಎಲ್ಲರಿಗೂ ಗೊತ್ತು" ಅಂತಾನೆ. ಇದರಲ್ಲಿ ನಿಜ ಎಷ್ಟು, ಬುರುಡೆ ಎಷ್ಟು? ಗೊತ್ತಿದ್ದವರು ಹೇಳಿ.

ತರಲೆ
ಬ್ರಿಟಾನಿಕ್ ಅಂದ್ರೆ ಟೈಟಾನಿಕ್‌ನ ತಂಗಿ ತಾನೆ? ಆ ಮನೆತನದ ಜಾತಕವೇ ನೆಟ್ಟಗಿರಲಿಲ್ಲ ಬಿಡಿ.

ಹಳೇಪುಸ್ತಕ
ಮೊದಲು ಒಂದು ತಿದ್ದುಪಡಿ. ಬ್ರಿಟಾನಿಕ್‌ಗೆ ಯಾರೂ ಗುರಿಯಿಟ್ಟು ಹೊಡೆಯಲಿಲ್ಲ. 1916ರ ನವೆಂಬರ್ 21ರ ಬೆಳಿಗ್ಗೆ ಗ್ರೀಸ್‌ನ ಕೇಯಾ ದ್ವೀಪದ ಹತ್ತಿರ ಅದು ಮೈನ್‌ಗೆ ತಗುಲಿತು. ಜರ್ಮನಿಯ ಯು-73 ಸಬ್‌ಮರೀನ್ ಕೆಲವು ವಾರ ಮೊದಲೇ ಆ ದಾರಿಯಲ್ಲಿ ಮೈನ್ ಹಾಕಿ ಹೋಗಿತ್ತು. ನೀರೊಳಗೆ ಕಾದು ಕೂತ ಸಿಡಿಗುಂಡಿಗೆ ಬಿಳಿ ಬಣ್ಣ ಕಾಣುತ್ತಾ, ಶಿಲುಬೆ ಕಾಣುತ್ತಾ? ಮೇಲೆ ಯಾರು ಬಂದರೂ ಅದಕ್ಕೆ ಒಂದೇ.

55 ನಿಮಿಷದಲ್ಲಿ ಮುಳುಗಿತು. ಒಳಗೆ 1,060ಕ್ಕೂ ಹೆಚ್ಚು ಜನ ಇದ್ದರು, ಸತ್ತವರು 30. ಇಷ್ಟು ಕಡಿಮೆ ಆಗಿದ್ದಕ್ಕೆ ಒಂದು ಕಾರಣ, ಹಡಗಿನಲ್ಲಿ ಒಬ್ಬ ರೋಗಿಯೂ ಇರಲಿಲ್ಲ. ಮುದ್ರೋಸ್ ಬಂದರಿಗೆ ಗಾಯಾಳುಗಳನ್ನು ಕರೆತರಲು ಹೋಗುತ್ತಿತ್ತು ಅಷ್ಟೆ. ಅದರ ಹಾಸಿಗೆಗಳು 3,300ರಷ್ಟು. ವಾಪಸ್ ಬರುವಾಗ ಹೀಗಾಗಿದ್ದರೆ ಏನಾಗುತ್ತಿತ್ತು ಅಂತ ನೀವೇ ಲೆಕ್ಕ ಹಾಕಿ.

ಇಂಜಿನ್‌ರೂಮ್
ನಾನು ಸರಕು ಹಡಗಿನಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿದವನು, ಆದ್ದರಿಂದ ಈ ಹಡಗಿನ ಕಥೆಯಲ್ಲಿ ನನಗೆ ಸಿಟ್ಟು ಬರುವ ಜಾಗ ಬೇರೆ. ಟೈಟಾನಿಕ್ ಆದ ಮೇಲೆ ಇದಕ್ಕೆ ಎರಡು ಪದರದ ಮೈ ಮಾಡಿ, ಒಳಗಿನ ಅಡ್ಡಗೋಡೆಗಳನ್ನು ಎತ್ತರಿಸಿ ಎಲ್ಲಾ ಸರಿಮಾಡಿದ್ದರು. ಆದರೂ ಮುಳುಗಿತು. ಯಾಕೆ? ಮೊದಲನೆಯದು, ನೀರು ತಡೆಯುವ ಕೆಲವು ಬಾಗಿಲು ಸ್ಫೋಟದ ನಂತರ ಮುಚ್ಚಲಿಲ್ಲ. ಎರಡನೆಯದು, ಕೆಳಗಿನ ವಾರ್ಡುಗಳ ದುಂಡು ಕಿಟಕಿಗಳು ತೆರೆದಿದ್ದವು! ಯುದ್ಧದ ನೀರಿನಲ್ಲಿ ಮುಚ್ಚಿರಬೇಕು ಅಂತ ಆದೇಶವಿತ್ತು. ಹಡಗು ಬಲಕ್ಕೆ ವಾಲಿದ ಕೂಡಲೇ ಆ ಕಿಟಕಿಗಳು ನೀರಿನ ಮಟ್ಟಕ್ಕೆ ಬಂದವು, ಮುಂದೆ ಹೇಳೋದೇ ಬೇಡ.

ಕ್ಯಾಪ್ಟನ್ ಬಾರ್ಟ್ಲೆಟ್ ದ್ವೀಪದ ದಡಕ್ಕೆ ಹತ್ತಿಸೋಣ ಅಂತ ಇಂಜಿನ್ ಓಡಿಸುತ್ತಲೇ ಇದ್ದರು. ಹಡಗು ಮುಂದೆ ಹೋದಷ್ಟೂ ನೀರು ಜೋರಾಗಿ ನುಗ್ಗಿತು. ಅಷ್ಟರಲ್ಲಿ ಅಪ್ಪಣೆ ಇಲ್ಲದೆ ಎರಡು ಲೈಫ್‌ಬೋಟ್ ಇಳಿಸಿಬಿಟ್ಟರು. ಹಿಂದೆ ಪ್ರೊಪೆಲ್ಲರ್ ನೀರಿನಿಂದ ಮೇಲೆದ್ದು ಇನ್ನೂ ತಿರುಗುತ್ತಿತ್ತು. ಎರಡೂ ಬೋಟು ಅದರ ಬಾಯಿಗೆ ಹೋದವು. ಸತ್ತ 30 ಜನರಲ್ಲಿ ಹೆಚ್ಚಿನವರು ಅಲ್ಲೇ ಹೋದರು. ಕಿಟಕಿ ತೆರೆದ ಪುಣ್ಯಾತ್ಮರು ಯಾರೋ!

ರಾತ್ರಿಪಾಳಿ
@ಇಂಜಿನ್‌ರೂಮ್ ಸರ್, ಕಿಟಕಿ ತೆರೆದವರ ಪರವಾಗಿ ನಾನು ಮಾತಾಡಬೇಕು, ನಾನು ನರ್ಸ್. ಗಾಯಾಳುಗಳನ್ನು ಹತ್ತಿಸಿಕೊಳ್ಳುವ ಮೊದಲು ವಾರ್ಡಿಗೆ ಗಾಳಿ ಆಡಲಿ ಅಂತ ತೆರೆದಿದ್ದು ಅದು. ಆಗ ಪೆನ್ಸಿಲಿನ್ ಇಲ್ಲ. ಕೊಳೆತ ಗಾಯ, ಭೇದಿ, ಲೈಸಾಲ್, ಬೆವರು, ಎಲ್ಲಾ ಸೇರಿ ಒಂದು ವಾಸನೆ ಇರುತ್ತಲ್ಲ, ಅದು ಹಾಸಿಗೆ, ಪರದೆ, ಮರದ ಹಲಗೆ ಎಲ್ಲದಕ್ಕೂ ಹತ್ತಿಕೊಳ್ಳುತ್ತೆ. ಗಾಳಿಯೇ ಅರ್ಧ ಔಷಧಿ ಅಂತ ಅವರಿಗೆ ಕಲಿಸಿದ್ದರು. ನಾನು ಕೆಲಸ ಮಾಡಿದ ಒಂದು ಕಡೆ ಕಿಟಕಿ ತೆರೆಯಬಾರದು ಅಂತ ಬೋರ್ಡ್ ಹಾಕಿದ್ದರು. ಬೆಳಗಿನ ಜಾವ ಮೂರಕ್ಕೆ ಒಂದು ಕೊಳೆತ ಕಾಲಿನ ಪಟ್ಟಿ ಬಿಚ್ಚಿದ ಮೇಲೆ ಆ ಬೋರ್ಡಿನ ಕೆಳಗೇ ನಿಂತು ನಾನು ಕಿಟಕಿ ತೆಗೆದಿದ್ದೇನೆ. ಆ ಕಿಟಕಿ ನಾಲ್ಕನೇ ಮಹಡಿಯದು, ನೀರು ಬರುತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ.

ಇಂಜಿನ್‌ರೂಮ್
ಒಪ್ಪಿದೆ ಮೇಡಂ. ಸಿಟ್ಟು ವಾಪಸ್ ತಗೊಂಡೆ. ಅರ್ಧ.

ತರಲೆ
ಅದೇ ಹಡಗಲ್ಲಿ ಟೈಟಾನಿಕ್‌ನಲ್ಲೂ ಬದುಕಿ ಬಂದ ಹೆಂಗಸು ಒಬ್ಬರು ಇದ್ದರಂತಲ್ಲ? ನಿಜಾನಾ, ಸುಮ್ನೆ ಕಟ್ಟಿದ್ದಾ?

ಹಳೇಪುಸ್ತಕ
ನಿಜ. ವಯಲೆಟ್ ಜೆಸಪ್. 1911ರಲ್ಲಿ ಒಲಿಂಪಿಕ್ ಹಡಗು ಯುದ್ಧನೌಕೆಗೆ ಡಿಕ್ಕಿ ಹೊಡೆದಾಗ ಅದರಲ್ಲಿದ್ದರು, 1912ರಲ್ಲಿ ಟೈಟಾನಿಕ್‌ನಲ್ಲಿದ್ದರು, 1916ರಲ್ಲಿ ಇದರಲ್ಲಿ. ಪ್ರೊಪೆಲ್ಲರ್‌ಗೆ ಸಿಕ್ಕ ಬೋಟಿನಿಂದ ನೀರಿಗೆ ಹಾರಿ, ತಲೆಗೆ ಪೆಟ್ಟು ಬಿದ್ದು, ದಟ್ಟ ಕೂದಲಿದ್ದದ್ದಕ್ಕೆ ಉಳಿದೆ ಅಂದುಕೊಂಡರು. ತಲೆಬುರುಡೆ ಬಿರುಕು ಬಿಟ್ಟಿತ್ತು ಅಂತ ಗೊತ್ತಾಗಿದ್ದು ವರ್ಷಗಳಾದ ಮೇಲೆ. ಟೈಟಾನಿಕ್‌ನಲ್ಲಿ ಹಲ್ಲುಜ್ಜುವ ಬ್ರಷ್ ಬಿಟ್ಟುಬಂದು ಪರದಾಡಿದ್ದರಿಂದ ಈ ಸಲ ಅದನ್ನು ಮರೆಯದೆ ಎತ್ತಿಕೊಂಡರಂತೆ.

ಸುಮ್ನೆಓದುಗ
ಬ್ರಷ್ ಎತ್ತಿಕೊಂಡ ವಿಷಯ ಓದಿ ನಗಬೇಕೋ ಅಳಬೇಕೋ ತಿಳೀಲಿಲ್ಲ.

ಕಡಲಹಕ್ಕಿ
ಕಥೆ ಚೆನ್ನಾಗಿದೆ, ಆದ್ರೆ ನನ್ನ ತಮ್ಮ ಪಕ್ಕದಲ್ಲೇ ಕೂತು "ಮೈನ್ ಸರಿ, ಮದ್ದುಗುಂಡಿನ ವಿಷಯ ಎಲ್ಲಿ ಬಂತು?" ಅಂತಿದ್ದಾನೆ.

ಕಾನೂನುಕಾಕ
ನಿಯಮ ಏನಿತ್ತು ಅಂತ ಮೊದಲು ನೋಡೋಣ, ಆಮೇಲೆ ಯಾರು ಮುರಿದರು ಅನ್ನೋದು.

1899ರಲ್ಲಿ, ಮತ್ತೆ 1907ರಲ್ಲಿ ಹೇಗ್‌ನಲ್ಲಿ ಒಪ್ಪಂದ ಆಯಿತು. ಆಸ್ಪತ್ರೆ ಹಡಗಿನ ಹೆಸರನ್ನು ಬಳಸುವ ಮೊದಲೇ ಎದುರಾಳಿ ದೇಶಕ್ಕೆ ತಿಳಿಸಬೇಕು. ಹೊರಮೈಗೆ ಬಿಳಿ ಬಣ್ಣ. ಸರ್ಕಾರದ್ದಾದರೆ ಸುಮಾರು ಒಂದೂವರೆ ಮೀಟರ್ ಅಗಲದ ಹಸಿರು ಪಟ್ಟೆ, ಖಾಸಗಿಯವರು ಅಥವಾ ಸೇವಾ ಸಂಸ್ಥೆಗಳು ಸಜ್ಜು ಮಾಡಿದ್ದಾದರೆ ಕೆಂಪು ಪಟ್ಟೆ. ಫೋಟೊ ಕಪ್ಪುಬಿಳುಪು ಆಗಿದ್ದರಿಂದ ನಿಮಗೆ ಕಂಡಿರಲಿಕ್ಕಿಲ್ಲ, ಬ್ರಿಟಾನಿಕ್‌ನದು ಹಸಿರು. ಯಾವ ದೇಶದ ಗಾಯಾಳು ಸಿಕ್ಕರೂ ನೋಡಬೇಕು. ಯುದ್ಧದ ಕೆಲಸಕ್ಕೆ ಬಳಸುವ ಹಾಗಿಲ್ಲ. ಇಷ್ಟು ಪಾಲಿಸಿದರೆ ಯಾರೂ ಹೊಡೆಯುವ ಹಾಗಿಲ್ಲ, ಹಿಡಿಯುವ ಹಾಗೂ ಇಲ್ಲ.

ಎದುರಾಳಿಗೆ ಅನುಮಾನ ಬಂದರೆ ಹಡಗು ನಿಲ್ಲಿಸಿ, ಹತ್ತಿ, ತಪಾಸಣೆ ಮಾಡುವ ಹಕ್ಕು ಇದೆ. ಈ ಒಂದು ಸಾಲನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಎದುರುವಾದಿ
ತಮ್ಮನ ಪರ ಯಾರೂ ಇಲ್ಲ ಅಂತ ನಾನು ಬಂದೆ. ಅವನು ಹೇಳಿದ್ದು ಪೂರ್ತಿ ಬುರುಡೆ ಅಲ್ಲ.

1914ರ ಅಕ್ಟೋಬರ್‌ನಲ್ಲಿ ಜರ್ಮನಿಯ ಒಫೀಲಿಯಾ ಅನ್ನೋ ಆಸ್ಪತ್ರೆ ಹಡಗನ್ನು ಬ್ರಿಟಿಷರು ಹಿಡಿದರು. ಕಾಗದಪತ್ರ ನೀರಿಗೆ ಎಸೆದಿದ್ದರು, ಸಂಜ್ಞೆ ಕೊಡುವ ಸಾಮಾನು ಬೇಕಿದ್ದಕ್ಕಿಂತ ಜಾಸ್ತಿ ಇತ್ತು. ಇದು ಬೇಹುಗಾರಿಕೆಯ ಹಡಗು ಅಂತ 1915ರಲ್ಲಿ ಕೋರ್ಟ್ ತೀರ್ಪು ಕೊಟ್ಟು ಮುಟ್ಟುಗೋಲು ಹಾಕಿತು. ಬ್ರಿಟಿಷರದೇ ಕೋರ್ಟ್ ಅನ್ನೋದು ಬೇರೆ ಮಾತು.

ಇನ್ನೊಂದು ಇದಕ್ಕಿಂತ ಗಟ್ಟಿ. ಜಪಾನಿನ ತಾಚಿಬಾನಾ ಮಾರು, 1945ರ ಆಗಸ್ಟ್ 3. ಒಳಗೆ 1,500ಕ್ಕೂ ಹೆಚ್ಚು ಸೈನಿಕರು, ರೋಗಿಗಳ ಬಟ್ಟೆ ಹಾಕಿಕೊಂಡು ಮಲಗಿದ್ದರು. ರೆಡ್ ಕ್ರಾಸ್ ಗುರುತು ಹಾಕಿದ ಪೆಟ್ಟಿಗೆಗಳಲ್ಲಿ ಔಷಧಿ ಬದಲು ಮದ್ದುಗುಂಡು. ಈಗ ಹೇಳಿ, ಹುಡುಗ ಹೇಳಿದ್ದರಲ್ಲಿ ತಪ್ಪೇನಿದೆ?

ಕಡಲಹಕ್ಕಿ
ತಮ್ಮ ಕುಣೀತಿದ್ದಾನೆ. ಯಾಕೆ ಸರ್ ಹೀಗೆ ಮಾಡಿದ್ರಿ.

ಕಾನೂನುಕಾಕ
ಕುಣಿಯಲಿ, ಎರಡು ನಿಮಿಷ. ತಾಚಿಬಾನಾ ಮಾರು ಸಿಕ್ಕಿದ್ದು ಹೇಗೆ? ಅಮೆರಿಕದ ಎರಡು ಡೆಸ್ಟ್ರಾಯರ್ ಯುದ್ಧನೌಕೆಗಳು ಬಂದು ನಿಲ್ಲಿಸಿದವು. ನಾವಿಕರು ಹತ್ತಿದರು, ಪೆಟ್ಟಿಗೆ ಒಡೆದು ನೋಡಿದರು, ಹಡಗನ್ನು ವಶಕ್ಕೆ ತಗೊಂಡು ಬಂದರಿಗೆ ಎಳೆದುಕೊಂಡು ಹೋದರು. ಒಂದು ಟಾರ್ಪೆಡೊ ಬಿಡಲಿಲ್ಲ. ಒಫೀಲಿಯಾನೂ ಹಾಗೆಯೇ, ಹಿಡಿದರು, ಕೋರ್ಟಿಗೆ ತಂದರು. ನೀವು ಕೊಟ್ಟ ಎರಡೂ ಉದಾಹರಣೆಯಲ್ಲಿ ಮೋಸ ಹೊರಬಿದ್ದಿದ್ದು ತಪಾಸಣೆಯಿಂದ. ಅಂದ್ರೆ "ಮೋಸ ಇರಬಹುದು, ಅದಕ್ಕೇ ಮುಳುಗಿಸ್ತೀವಿ" ಅನ್ನೋ ವಾದಕ್ಕೆ ಇವು ಸಾಕ್ಷಿ ಅಲ್ಲ, ಅದರ ವಿರುದ್ಧದ ಸಾಕ್ಷಿ.

ಎದುರುವಾದಿ
ಕಾಕಾ, ಡೆಸ್ಟ್ರಾಯರ್‌ಗೆ ಅದು ಸುಲಭ. ಐವತ್ತು ಜನರೂ ಇಲ್ಲದ ಸಬ್‌ಮರೀನ್ ಮೇಲೆ ಬಂದು ಹಡಗು ಹತ್ತಿ ಹುಡುಕುವುದು ಸಾಧ್ಯವಾ? ಅಷ್ಟರಲ್ಲಿ ಯಾವನೋ ಬಂದು ಗುದ್ದಿದರೆ ಮುಗೀತು.

ಕಾನೂನುಕಾಕ
ಕಷ್ಟ ಅಂತ ಒಪ್ತೀನಿ. ಆದರೆ ಹುಡುಕಲು ಆಗದಿದ್ದರೆ ಬಿಟ್ಟು ಕಳಿಸಬೇಕು. ಬೀಗ ಒಡೆಯಲು ಆಗಲಿಲ್ಲ ಅಂತ ಯಾರಾದರೂ ಮನೆಗೆ ಬೆಂಕಿ ಇಡ್ತಾರಾ?

ಹಳೇಪುಸ್ತಕ
ಇಲ್ಲೇ 1917ರ ಕಥೆ ಬರುತ್ತೆ. ಆ ವರ್ಷದ ಆರಂಭದಲ್ಲಿ ಜರ್ಮನಿ, ಬ್ರಿಟನ್ ಆಸ್ಪತ್ರೆ ಹಡಗಲ್ಲಿ ಸೈನ್ಯ ಮತ್ತು ಮದ್ದುಗುಂಡು ಸಾಗಿಸುತ್ತಿದೆ ಅಂತ ಆರೋಪಿಸಿ, ಇಂಗ್ಲಿಷ್ ಕಾಲುವೆಯಲ್ಲಿ ಮತ್ತು ಉತ್ತರ ಸಮುದ್ರದ ಒಂದು ಭಾಗದಲ್ಲಿ ಆಸ್ಪತ್ರೆ ಹಡಗಿಗೂ ರಕ್ಷಣೆ ಇಲ್ಲ ಅಂತ ಘೋಷಿಸಿತು. ನಿಮ್ಮ ತಮ್ಮನ ಬಾಯಲ್ಲಿ ಬಂದಿದ್ದು ಆ ಆರೋಪವೇ, ನೂರು ವರ್ಷ ಆದ ಮೇಲೂ. ಬ್ರಿಟಿಷರು ಏನು ಮಾಡಿದರು ಗೊತ್ತಾ? ಆ ದಾರಿಯ ಕೆಲವು ಹಡಗುಗಳ ಬಿಳಿ ಬಣ್ಣವನ್ನೇ ಅಳಿಸಿ, ಪಕ್ಕದಲ್ಲಿ ಯುದ್ಧನೌಕೆ ಕಾವಲಿಟ್ಟು ಓಡಿಸಿದರು. ಕಾಪಾಡಬೇಕಾದ ಬಣ್ಣವೇ ಗುರಿ ಹಲಗೆ ಆಗಿಬಿಟ್ಟಿತ್ತು. ಮೆಡಿಟರೇನಿಯನ್‌ನಲ್ಲಿ ಮಾತ್ರ ಇನ್ನೊಂದು ಉಪಾಯ ಮಾಡಿದರು. ಯುದ್ಧದಲ್ಲಿ ಯಾರ ಕಡೆಯೂ ಇಲ್ಲದ ಸ್ಪೇನ್‌ನ ನೌಕಾಪಡೆ ಅಧಿಕಾರಿಗಳನ್ನು ಹಡಗಲ್ಲಿ ಕೂರಿಸಿಕೊಂಡರು, ಮದ್ದುಗುಂಡು ಇಲ್ಲ ಅನ್ನೋದಕ್ಕೆ ಸಾಕ್ಷಿಯಾಗಿ.

1917ರ ಮೇ ತಿಂಗಳಲ್ಲಿ ಬ್ರಿಟಿಷ್ ಆಸ್ಪತ್ರೆ ಹಡಗು ಡೋವರ್ ಕ್ಯಾಸಲ್ ಅನ್ನು ಜರ್ಮನ್ ಸಬ್‌ಮರೀನ್ ಮುಳುಗಿಸಿತು. ಸಬ್‌ಮರೀನ್ ಕಮಾಂಡರ್ ಕಾರ್ಲ್ ನ್ಯೂಮನ್ ಮೇಲೆ 1921ರಲ್ಲಿ ಜರ್ಮನಿಯ ಲೈಪ್‌ಜಿಗ್‌ನಲ್ಲಿ ಕೇಸು ನಡೆಯಿತು. ಮೇಲಿನವರ ಆದೇಶ ಪಾಲಿಸಿದ್ದಾನೆ ಅಂತ ಖುಲಾಸೆ.

ರಾತ್ರಿಪಾಳಿ
ಲ್ಯಾಂಡವರಿ ಕ್ಯಾಸಲ್ ಬಗ್ಗೆ ಯಾರೂ ಬರೆದಿಲ್ಲ. ನಾನು ಬರೀತೀನಿ, ಆ ಹಡಗಿನ ವಿಷಯ ಬಂದಾಗ ಸುಮ್ಮನಿರೋಕೆ ಆಗಲ್ಲ.

1918ರ ಜೂನ್ 27ರ ರಾತ್ರಿ. ಕೆನಡಾದ ಗಾಯಾಳುಗಳನ್ನು ಹ್ಯಾಲಿಫ್ಯಾಕ್ಸ್‌ಗೆ ಬಿಟ್ಟು ವಾಪಸ್ ಬರುತ್ತಿದ್ದ ಹಡಗು, ಐರ್ಲೆಂಡ್‌ನ ಪಶ್ಚಿಮಕ್ಕೆ. ದೀಪ ಎಲ್ಲಾ ಹಚ್ಚಿತ್ತು. ಯು-86 ಟಾರ್ಪೆಡೊ ಹೊಡೆಯಿತು. ಹತ್ತು ನಿಮಿಷದಲ್ಲಿ ಹಡಗು ಹೋಯಿತು. ನರ್ಸ್‌ಗಳು ಹದಿನಾಲ್ಕು ಜನ, ಎಲ್ಲರೂ ಒಂದೇ ಲೈಫ್‌ಬೋಟಿನಲ್ಲಿ. ಬೋಟನ್ನು ಹಡಗಿಗೆ ಕಟ್ಟಿದ್ದ ಹಗ್ಗ ಸಿಕ್ಕಿಕೊಂಡಿತ್ತು. ಜೊತೆಗಿದ್ದ ಸಾರ್ಜೆಂಟ್ ಕೊಡಲಿ ತಗೊಂಡು ಕಡಿದ, ಕೊಡಲಿ ಮುರಿಯಿತು. ಇನ್ನೊಂದು ತಗೊಂಡ, ಅದೂ ಮುರಿಯಿತು. ಹುಟ್ಟು ಹಿಡಿದು ಬೋಟನ್ನು ಹಡಗಿನಿಂದ ದೂರ ತಳ್ಳಲು ನೋಡಿದರು, ಹುಟ್ಟುಗಳೂ ಮುರಿದವು. ಅವರಲ್ಲಿ ಯಾರೂ ಕಿರುಚಲಿಲ್ಲ ಅಂತ ಆಮೇಲೆ ಆ ಸಾರ್ಜೆಂಟ್ ಹೇಳಿದ್ದಾನೆ. ನಾವು ಉಳಿಯೋ ಭರವಸೆ ಏನಾದರೂ ಇದೆಯಾ ಅಂತ ಒಬ್ಬಾಕೆ ಕೇಳಿದಳಂತೆ, ಇಲ್ಲ ಅಂದನಂತೆ. ಮುಳುಗುವ ಹಡಗಿನ ಸುಳಿ ಬೋಟನ್ನು ಎಳೆದುಕೊಂಡಿತು. ಹದಿನಾಲ್ಕರಲ್ಲಿ ಒಬ್ಬರೂ ಉಳಿಯಲಿಲ್ಲ.

ಹಳೇಪುಸ್ತಕ
ಅದರ ಮುಂದಿನದು ಇನ್ನೂ ಕೆಟ್ಟದ್ದು. ಸಬ್‌ಮರೀನ್ ಮೇಲೆ ಬಂತು. ಕಮಾಂಡರ್ ಹೆಲ್ಮುಟ್ ಪಾಟ್ಜಿಗ್, ಹಡಗಲ್ಲಿ ಅಮೆರಿಕದ ವಿಮಾನ ಪಡೆ ಅಧಿಕಾರಿಗಳು ಇದ್ದರು ಅಲ್ವಾ ಅಂತ ಬದುಕಿದವರನ್ನು ವಿಚಾರಿಸಿದ. ಇದ್ದವರು ಡಾಕ್ಟರ್‌ಗಳು. ಸಾಕ್ಷಿ ಏನೂ ಸಿಗಲಿಲ್ಲ. ತಪ್ಪು ಮಾಡಿದೆ ಅಂತ ಗೊತ್ತಾದ ಮೇಲೆ ಸಾಕ್ಷಿಗಳೂ ಉಳಿಯಬಾರದು ಅಂತ ಲೈಫ್‌ಬೋಟುಗಳ ಮೇಲೆ ಗುಂಡು ಹಾರಿಸಿದರು. 258 ಜನರಲ್ಲಿ ಉಳಿದದ್ದು 24, ಎಲ್ಲರೂ ಒಂದೇ ಬೋಟಿನಲ್ಲಿ.

ಕೇಸು ಲೈಪ್‌ಜಿಗ್‌ನಲ್ಲೇ, ಅದೇ 1921ರಲ್ಲಿ. ಪಾಟ್ಜಿಗ್ ಸಿಗಲೇ ಇಲ್ಲ. ಕೆಳಗಿನ ಇಬ್ಬರು ಅಧಿಕಾರಿಗಳು ಡಿಟ್ಮಾರ್ ಮತ್ತು ಬೋಲ್ಟ್, ಇಬ್ಬರಿಗೂ ನಾಲ್ಕು ವರ್ಷ. ಈ ಸಲ "ಆದೇಶ ಪಾಲಿಸಿದೆವು" ಅನ್ನೋದನ್ನು ಕೋರ್ಟ್ ಕೇಳಲಿಲ್ಲ. ಲೈಫ್‌ಬೋಟಿನಲ್ಲಿರುವವರನ್ನು ಕೊಲ್ಲು ಅನ್ನೋ ಆದೇಶ ಕಾನೂನಿಗೆ ವಿರುದ್ಧ ಅಂತ ಯಾರಿಗಾದರೂ ಗೊತ್ತಾಗಬೇಕು ಅಂದಿತು. ಜರ್ಮನ್ ಕೋರ್ಟ್ ಜರ್ಮನ್ ಅಧಿಕಾರಿಗಳಿಗೆ ಹೇಳಿದ ಮಾತು ಅದು. ಮುಂದೆ ಇಬ್ಬರೂ ಜೈಲಿನಿಂದ ತಪ್ಪಿಸಿಕೊಂಡರು, ಅದು ಬಿಡಿ.

ಎದುರುವಾದಿ
ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ತರಲೆ
ಎರಡನೇ ಯುದ್ಧದಲ್ಲಿ ವಿಲ್ಹೆಲ್ಮ್ ಗುಸ್ಟ್‌ಲೋಫ್ ಅಂತ ಜರ್ಮನಿಯ ಆಸ್ಪತ್ರೆ ಹಡಗನ್ನು ರಷ್ಯಾದವರು ಮುಳುಗಿಸಿದ್ರಲ್ಲ, ಸಾವಿರಾರು ಜನ ಸತ್ತರು. ಅದನ್ನೂ ಸೇರಿಸಿ.

ಹಳೇಪುಸ್ತಕ
ಸೇರಿಸಲ್ಲ. ಶುರುವಿನಲ್ಲಿ ಅದು ಆಸ್ಪತ್ರೆ ಹಡಗಾಗಿತ್ತು, ನಿಜ. ಆದರೆ 1945ರ ಜನವರಿ 30ಕ್ಕೆ ಅದು ಆಸ್ಪತ್ರೆ ಹಡಗಲ್ಲ. ಬೂದು ಬಣ್ಣ, ವಿಮಾನ ಹೊಡೆಯುವ ಫಿರಂಗಿ, ನಿರಾಶ್ರಿತರ ಜೊತೆ ನೌಕಾಪಡೆಯವರೂ ಇದ್ದರು. ಸತ್ತವರಲ್ಲಿ ಹೆಂಗಸರು ಮಕ್ಕಳೇ ಜಾಸ್ತಿ, ಅದು ಘೋರವೇ. ಆದರೆ ಘೋರ ಬೇರೆ, ಕಾನೂನಿನ ಲೆಕ್ಕ ಬೇರೆ. 1941ರ ನವೆಂಬರ್ 7ರಂದು ಕ್ರೈಮಿಯಾ ಹತ್ತಿರ ಜರ್ಮನ್ ವಿಮಾನ ಮುಳುಗಿಸಿದ ಸೋವಿಯತ್ ಹಡಗು ಆರ್ಮೇನಿಯಾದ ವಿಷಯದಲ್ಲೂ ಇದೇ ತಕರಾರು. ಗಾಯಾಳುಗಳು ತುಂಬಿದ್ದರು, ಆದರೆ ಫಿರಂಗಿಯೂ ಇತ್ತು.

ಸುಮ್ನೆಓದುಗ
ಎಲ್ಲರೂ ಮುಳುಗಿದ ಹಡಗಿನ ಬಗ್ಗೆಯೇ ಮಾತಾಡ್ತಿದ್ದೀರಿ. ಆಸ್ಪತ್ರೆ ಹಡಗೇ ಇಲ್ಲದಿದ್ದರೆ ಏನಾಗುತ್ತೆ ಅನ್ನೋದಕ್ಕೆ ಮೆಸೊಪೊಟೇಮಿಯಾ (ಈಗಿನ ಇರಾಕ್) ನೋಡಿ.

1915ರ ನವೆಂಬರ್, ಟೆಸಿಫೋನ್ ಕದನ. ಬ್ರಿಟಿಷ್ ಇಂಡಿಯಾದ ಸೈನ್ಯ ಸೋತು ಹಿಂದೆ ಸರಿಯಿತು. ಟೈಗ್ರಿಸ್ ನದಿಯಲ್ಲಿ ಗಾಯಾಳುಗಳಿಗೆ ಅಂತ ಸರಿಯಾದ ದೋಣಿಗಳೇ ಇರಲಿಲ್ಲ. ಸರಕು, ಕುದುರೆ ಸಾಗಿಸುವ ಸ್ಟೀಮರ್, ಪಕ್ಕದಲ್ಲಿ ಮೇಲೆ ಚಾವಣಿ ಕೂಡ ಇಲ್ಲದ ಕಬ್ಬಿಣದ ಬಾರ್ಜ್, ಅದರಲ್ಲೇ ತುಂಬಿ ಬಸ್ರಾಕ್ಕೆ ಕಳಿಸಿದರು. ಬಸ್ರಾದಲ್ಲಿ ವರೇಲಾ ಅನ್ನೋ ಆಸ್ಪತ್ರೆ ಹಡಗಿನ ಹೊಣೆ ಹೊತ್ತಿದ್ದವರು ಡಾಕ್ಟರ್ ಮೇಜರ್ ಕಾರ್ಟರ್. ಮೆಜಿದಿಯೆ ಅನ್ನೋ ಸ್ಟೀಮರ್ ಹತ್ತಿರ ಬರುವಾಗ ಅವರು ನೋಡಿದರು. ದೂರದಿಂದ ಹಡಗಿನ ಮೈಗೆಲ್ಲಾ ಹಗ್ಗ ಇಳಿಬಿಟ್ಟ ಹಾಗೆ ಕಂಡಿತು. ಹತ್ತಿರ ಬಂದಾಗ ತಿಳಿಯಿತು, ಅವು ಹಗ್ಗ ಅಲ್ಲ. ಭೇದಿ ಹತ್ತಿದ ಗಾಯಾಳುಗಳು ಅಂಚಿಗೆ ಹೋಗಲೂ ಆಗದೆ ಮಲಗಿದ್ದಲ್ಲೇ ಮಾಡಿಕೊಂಡ ಮಲ, ಮೈಮೇಲಿಂದ ಇಳಿದು ಒಣಗಿ ಜೋತುಬಿದ್ದಿತ್ತು.

ಕಾರ್ಟರ್ ಇದನ್ನು ವರದಿ ಮಾಡಿದರೆ ಮೇಲಿನವರು ಗದರಿದರು. ಬಾಯಿ ಮುಚ್ಚದಿದ್ದರೆ ಹಡಗು ಕಿತ್ತುಕೊಳ್ತೀವಿ ಅಂದರು. ಅವರು ಮುಚ್ಚಲಿಲ್ಲ. ವಿಚಾರಣೆ ಆಯೋಗದ ವರದಿ 1917ರಲ್ಲಿ ಹೊರಬಂತು, ಬ್ರಿಟನ್ ಸರ್ಕಾರದಲ್ಲಿ ಭಾರತದ ಆಡಳಿತ ನೋಡುತ್ತಿದ್ದ ಮಂತ್ರಿ ಆಸ್ಟೆನ್ ಚೇಂಬರ್ಲೇನ್ ರಾಜೀನಾಮೆ ಕೊಟ್ಟರು.

ಇಂಜಿನ್‌ರೂಮ್
ಇದನ್ನು ಓದಿ ಸ್ವಲ್ಪ ಹೊತ್ತು ಫೋನ್ ಕೆಳಗಿಟ್ಟೆ.

ತರಲೆ
ಮಹಾರಾಜರೆಲ್ಲಾ ಸೇರಿ ಒಂದು ಆಸ್ಪತ್ರೆ ಹಡಗು ಕೊಟ್ಟಿದ್ದರು ಅಂತ ಕೇಳಿದ್ದೆ, ಅದು ಇದೇ ಯುದ್ಧಕ್ಕಾ? ಈ ಸಲ ತಪ್ಪಿದ್ದರೆ ಇಲ್ಲಿಗೆ ಬರೋದೇ ಬಿಡ್ತೀನಿ.

ಹಳೇಪುಸ್ತಕ
ಬಿಡೋದು ಬೇಡ, ಈ ಸಲ ಸರಿ. ಗ್ವಾಲಿಯರ್ ಮಹಾರಾಜರು 1914ರಲ್ಲಿ ಎಂಪ್ರೆಸ್ ಆಫ್ ಇಂಡಿಯಾ ಅನ್ನೋ ಪ್ರಯಾಣಿಕರ ಹಡಗನ್ನು ಕೊಂಡು ಗಾಯಾಳುಗಳಿಗಾಗಿ ಸಜ್ಜು ಮಾಡಿಸಿದರು. ಹೊಸ ಹೆಸರು ಲಾಯಲ್ಟಿ. ಯುದ್ಧ ಮುಗಿದ ಮೇಲೆ ಸಿಂಧಿಯಾ ಸ್ಟೀಮ್ ನ್ಯಾವಿಗೇಷನ್ ಕಂಪನಿ ಅದನ್ನು ಕೊಂಡಿತು. 1919ರ ಏಪ್ರಿಲ್ 5ರಂದು ಬಾಂಬೆಯಿಂದ ಲಂಡನ್‌ಗೆ ಹೊರಟ ಹಡಗು ಅದೇ. ಆ ದಿನದ ನೆನಪಿಗೇ ಈಗ ರಾಷ್ಟ್ರೀಯ ಕಡಲ ದಿನ ಮಾಡೋದು. ಆ ಹಡಗು ಮೊದಲು ಆಸ್ಪತ್ರೆ ಆಗಿತ್ತು ಅನ್ನೋದು ಭಾಷಣಗಳಲ್ಲಿ ಬರೋದು ಕಮ್ಮಿ.

ಇಂಜಿನ್‌ರೂಮ್
ಏಪ್ರಿಲ್ 5ಕ್ಕೆ ಪ್ರತಿ ವರ್ಷ ಎದೆಗೆ ಆ ಪುಟ್ಟ ಬಾವುಟ ಸಿಕ್ಕಿಸಿಕೊಂಡಿದ್ದೇನೆ. ಇದು ಗೊತ್ತೇ ಇರಲಿಲ್ಲ!

ಎದುರುವಾದಿ
ಒಂದು ಪ್ರಶ್ನೆ, ಜಗಳಕ್ಕಲ್ಲ. ಆ ಗುರುತು ನಿಜವಾಗಿ ಕೆಲಸ ಮಾಡಿದ್ದು ಎಲ್ಲಾದರೂ ಇದೆಯಾ? ನೀವು ಹೇಳಿದ್ದೆಲ್ಲಾ ಸೋತ ಕಥೆಗಳೇ.

ಹಳೇಪುಸ್ತಕ
ಇದೆ. 1941ರ ಡಿಸೆಂಬರ್ 7, ಪರ್ಲ್ ಹಾರ್ಬರ್. ಸುತ್ತ ಯುದ್ಧನೌಕೆಗಳು ಉರಿಯುತ್ತಿದ್ದವು. ಅದೇ ಬಂದರಿನಲ್ಲಿ ನಿಂತಿದ್ದ ಸೋಲೇಸ್ ಆಸ್ಪತ್ರೆ ಹಡಗಿಗೆ ಪೆಟ್ಟಾಗಲಿಲ್ಲ. ಅದರ ದೋಣಿಗಳು ಅರಿಜೋನಾ ಹಡಗಿನಿಂದ ಸುಟ್ಟ ಜನರನ್ನು ಎತ್ತಿ ತಂದವು.

ಆದರೆ ಅದೇ ಜಪಾನ್ 1943ರ ಮೇ 14ರ ಬೆಳಗಿನ ಜಾವ ಆಸ್ಟ್ರೇಲಿಯಾದ ಸೆಂಟಾರ್ ಆಸ್ಪತ್ರೆ ಹಡಗನ್ನು ಮುಳುಗಿಸಿತು. ದೀಪ ಹಚ್ಚಿತ್ತು, ಶಿಲುಬೆ ಕಾಣುತ್ತಿತ್ತು. 332 ಜನರಲ್ಲಿ 268 ಸತ್ತರು. 12 ನರ್ಸ್‌ಗಳಲ್ಲಿ ಉಳಿದವರು ಎಲೆನ್ ಸ್ಯಾವೇಜ್ ಒಬ್ಬರೇ. ಪಕ್ಕೆಲುಬು ಮುರಿದಿದ್ದನ್ನು ಯಾರಿಗೂ ಹೇಳದೆ ತೆಪ್ಪದ ಮೇಲೆ ಬೇರೆಯವರನ್ನು ನೋಡಿಕೊಂಡರು. ಹೊಡೆದದ್ದು ತಮ್ಮ ಐ-177 ಸಬ್‌ಮರೀನ್ ಅಂತ ಜಪಾನಿನ ಅಧಿಕೃತ ಇತಿಹಾಸ ಒಪ್ಪಿದ್ದು 1979ರಲ್ಲಿ. ಹಡಗಿನ ಅವಶೇಷ ಸಿಕ್ಕಿದ್ದು 2009ರ ಡಿಸೆಂಬರ್‌ನಲ್ಲಿ, ಎರಡು ಕಿಲೋಮೀಟರ್ ಆಳದಲ್ಲಿ.

ಕಾನೂನುಕಾಕ
ಚೆನ್ನಾಗಿ ನಡೆದದ್ದು ಅಂದ್ರೆ 1982ರ ಫಾಕ್‌ಲ್ಯಾಂಡ್ ಯುದ್ಧ. ಬ್ರಿಟನ್ ಮತ್ತು ಅರ್ಜೆಂಟೀನಾ ಸೇರಿ ದ್ವೀಪಗಳ ಉತ್ತರಕ್ಕೆ ಸಮುದ್ರದಲ್ಲಿ ಒಂದು ಜಾಗ ಗೊತ್ತುಮಾಡಿಕೊಂಡರು. ಅಲ್ಲಿ ಎರಡೂ ಕಡೆಯ ಆಸ್ಪತ್ರೆ ಹಡಗು ನಿಲ್ಲಬಹುದು, ಯಾರೂ ಮುಟ್ಟಲ್ಲ. ಅದಕ್ಕೆ ರೆಡ್ ಕ್ರಾಸ್ ಬಾಕ್ಸ್ ಅಂತ ಹೆಸರು. ಬ್ರಿಟನ್ನಿನ ಹಡಗು ಉಗಾಂಡಾ, ಆವರೆಗೂ ಶಾಲಾ ಮಕ್ಕಳನ್ನು ಪ್ರವಾಸ ಕರೆದೊಯ್ಯುತ್ತಿತ್ತು. ಮಕ್ಕಳನ್ನು ನೇಪಲ್ಸ್‌ನಲ್ಲಿ ಇಳಿಸಿ, ಜಿಬ್ರಾಲ್ಟರ್‌ನಲ್ಲಿ ಕೆಲವೇ ದಿನದಲ್ಲಿ ಆಸ್ಪತ್ರೆ ಮಾಡಿದರು. ಅರ್ಜೆಂಟೀನಾದ ಗಾಯಾಳುಗಳನ್ನೂ ನೋಡಿಕೊಂಡರು.

ಒಂದು ತಮಾಷೆಯ ತೊಡಕು. 1949ರ ಜಿನೀವಾ ಒಪ್ಪಂದದ ಪ್ರಕಾರ ಆಸ್ಪತ್ರೆ ಹಡಗು ರಹಸ್ಯ ಸಂಕೇತದಲ್ಲಿ ರೇಡಿಯೊ ಮಾತಾಡುವ ಹಾಗಿಲ್ಲ. ಗಾಯಾಳು ತರೋಕೆ ಎಲ್ಲಿಗೆ ಬರಲಿ ಅಂತ ಬಹಿರಂಗವಾಗಿ ಕೇಳಿದರೆ ನಮ್ಮ ಯುದ್ಧನೌಕೆ ಎಲ್ಲಿದೆ ಅಂತ ಶತ್ರುವಿಗೂ ಗೊತ್ತಾಗುತ್ತೆ. ಆ ಪೇಚಾಟ ನೋಡಿಯೇ, ಸಂಕೇತ ಯಂತ್ರ ಬಳಸಲು ಬಿಡಬೇಕು ಅಂತ ಕಡಲ ಯುದ್ಧದ ಕಾನೂನು ವಿವರಿಸುವ 1994ರ ಸ್ಯಾನ್ ರೆಮೊ ಕೈಪಿಡಿ ಸಲಹೆ ಕೊಟ್ಟಿತು.

ಇಂಜಿನ್‌ರೂಮ್
ಈಗಿನ ಅಮೆರಿಕದ ಆಸ್ಪತ್ರೆ ಹಡಗುಗಳು ಮರ್ಸಿ ಮತ್ತು ಕಂಫರ್ಟ್ ಇವೆಯಲ್ಲ, ತಲಾ ಸಾವಿರ ಹಾಸಿಗೆ, ಎರಡೂ ಮೊದಲು ತೈಲ ಸಾಗಿಸುವ ಟ್ಯಾಂಕರ್. ಟ್ಯಾಂಕುಗಳ ನಡುವಿನ ಗೋಡೆಯನ್ನು ಕೊರೆದಿಲ್ಲ. ಆದ್ದರಿಂದ ಕೆಳಗಿನ ಒಂದು ವಾರ್ಡಿನಿಂದ ಪಕ್ಕದ ವಾರ್ಡಿಗೆ ರೋಗಿಯನ್ನು ಸಾಗಿಸಬೇಕಾದರೆ ಮೇಲಿನ ಡೆಕ್‌ಗೆ ಹತ್ತಿಸಿ, ಆ ಕಡೆ ಮತ್ತೆ ಇಳಿಸಬೇಕು. ನೀರು ನುಗ್ಗಿದರೆ ಆ ಗೋಡೆಯೇ ಕಾಪಾಡೋದು. ಬ್ರಿಟಾನಿಕ್ ನೆನಪಾಯಿತಾ?

ರಾತ್ರಿಪಾಳಿ
ಸ್ಟ್ರೆಚರ್ ಹೊರುವವರ ಸೊಂಟ ಯಾರು ಕಾಪಾಡ್ತಾರೆ ಸರ್?

ತಮ್ಮ_ನಾನೇ
ನಮಸ್ಕಾರ, ಬೈಸಿಕೊಂಡ ತಮ್ಮ ನಾನೇ. ಅಕ್ಕನ ಫೋನ್‌ನಲ್ಲಿ ಓದಿ ಸಾಕಾಗಿ ನಾನೇ ಖಾತೆ ತೆರೆದೆ. "ಎಲ್ಲಾ ಹಡಗು" ಅಂದಿದ್ದು ತಪ್ಪು, ವಾಪಸ್ ತಗೊಂಡೆ. ಆದ್ರೆ ತಾಚಿಬಾನಾ ಮಾರು ನನ್ನದು, ಅದನ್ನು ಬಿಟ್ಟುಕೊಡಲ್ಲ. ಕಾಕಾ, ಆ 1,500 ಜನರನ್ನು ಆಮೇಲೆ ಏನು ಮಾಡಿದರು?

ಕಾನೂನುಕಾಕ
ಯುದ್ಧಕೈದಿಗಳಾಗಿ ಮೊರೊಟಾಯ್ ದ್ವೀಪಕ್ಕೆ ಕರೆದೊಯ್ದರು ಮಗಾ. ಹನ್ನೆರಡು ದಿನಕ್ಕೆ ಯುದ್ಧವೇ ಮುಗಿಯಿತು. ಆ ಹಡಗಿನಿಂದ ಇಳಿದವರೆಲ್ಲಾ ಜೀವಂತ ಇಳಿದರು.

ಕಡಲಹಕ್ಕಿ
ಈಗ ಅವನು ನನ್ನ ಫೋನ್ ವಾಪಸ್ ಕೊಡ್ತಿಲ್ಲ, ಲ್ಯಾಪ್‌ಟಾಪ್‌ನಿಂದ ಬರೀತಿದ್ದೀನಿ. ಸೆಂಟಾರ್ ಬಗ್ಗೆ ಇನ್ನೂ ಯಾರಾದರೂ ಬರೀತೀರಾ?